ಪಟ್ಟಿಯಲ್ಲಿ ಹೆಸರು, ಚೀಟಿಯಲ್ಲಿ ಮುಖ



ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುತಿ ಗುಡಿಯನ್ನು ನೀವು ನೋಡಿರಬಹುದು. ಅಲ್ಲಿಯ ಕ್ರಿ.ಶ. 634ರ ಶಾಸನದಲ್ಲಿ ಇಮ್ಮಡಿ ಪುಲಕೇಶಿಯ ಕೀರ್ತಿಯ ಜೊತೆಗೆ ಕವಿ ರವಿಕೀರ್ತಿಯ ಹೆಸರೂ ಉಳಿದಿದೆ. ಗುಡ್ಡದ ಕೆಳಗೆ ದುಡಿದವರ ಹೆಸರು ಅದರಲ್ಲಿಲ್ಲ. ಆಸ್ತಿ, ವಿದ್ಯೆ ಕೇಳದೆ ವಯಸ್ಕರೆಲ್ಲರ ಹೆಸರನ್ನೂ ಮತದಾರರ ಪಟ್ಟಿಗೆ ಸೇರಿಸಬೇಕೆಂದದ್ದು ನಮ್ಮ ಸಂವಿಧಾನ.

ಆದರೆ ಹಕ್ಕು ಸಿಕ್ಕರೆ ಸಾಲದು, ಹಕ್ಕುದಾರರನ್ನು ಗುರುತಿಸಲೂ ಬೇಕು. 1951-52ರ ಮೊದಲ ಮಹಾಚುನಾವಣೆಯಲ್ಲಿ ದೇಶದ ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿದರು. ಅವರು ಸ್ವಂತ ಹೆಸರು ಹೇಳದೆ, ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದರು. ಇವರಲ್ಲಿ ಹೆಚ್ಚಿನವರು ಉತ್ತರದ ರಾಜ್ಯಗಳವರು.

ಇನ್ನೊಬ್ಬರ ಹೆಸರಿನಲ್ಲಿ ಮತ ಹಾಕುವ ಪಿಡುಗು ಮತ್ತೊಂದು ಸಮಸ್ಯೆ. 1962ರಿಂದ ಮೈಸೂರಿನಲ್ಲಿ ತಯಾರಾಗುತ್ತಿರುವ ಅಳಿಸಲಾಗದ ಶಾಯಿ ಎರಡನೆಯ ಮತವನ್ನು ತಡೆಯಬಲ್ಲದು; ಬಂದವರು ಯಾರೆಂದು ಹೇಳಲಾರದು. ಗುರುತಿನ ಚೀಟಿಗೆ 1958ರಲ್ಲೇ ಕಾನೂನಿನಲ್ಲಿ ಅವಕಾಶ ಕಲ್ಪಿಸಿ, 1960ರಲ್ಲಿ ಕಲ್ಕತ್ತಾದಲ್ಲಿ ಪ್ರಯೋಗವನ್ನೂ ಮಾಡಲಾಯಿತು. ಎಲ್ಲರ ಭಾವಚಿತ್ರ ತೆಗೆಯುವುದು ಅಂದು ಸಾಧ್ಯವಾಗಲಿಲ್ಲ.

ಸಂವಿಧಾನದ 61ನೆಯ ತಿದ್ದುಪಡಿ 1989ರ ಮಾರ್ಚ್ 28ರಂದು ಜಾರಿಗೆ ಬಂದು ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಅದಕ್ಕೆ ಹೊಂದುವಂತೆ 1950ರ ಪ್ರಜಾಪ್ರತಿನಿಧ್ಯ ಕಾಯ್ದೆಯ 19ನೆಯ ಪ್ರಕರಣವನ್ನೂ ಬದಲಿಸಲಾಯಿತು. ಅದೇ ವರ್ಷದ ನವೆಂಬರಿನಲ್ಲಿ ಕರ್ನಾಟಕದ 18ರ ತರುಣ ತರುಣಿಯರು ಲೋಕಸಭೆಗೂ ವಿಧಾನಸಭೆಗೂ ಮೊದಲ ಬಾರಿಗೆ ಮತ ಹಾಕಿದರು. ಮುಂದೆ 1993ರ ಆಗಸ್ಟ್‌ನಲ್ಲಿ ಟಿ.ಎನ್. ಶೇಷನ್ ಅವರ ಕಾಲದ ಚುನಾವಣಾ ಆಯೋಗ ದೇಶದಾದ್ಯಂತ ಭಾವಚಿತ್ರವಿರುವ ಗುರುತಿನ ಚೀಟಿ ನೀಡಲು ಆದೇಶಿಸಿತು.

ಆದರೂ ಒಂದು ಕೊರತೆ ಉಳಿದಿತ್ತು. ಜನವರಿ 1ಕ್ಕೆ 18 ತುಂಬಿದವರಷ್ಟೇ ಆ ವರ್ಷದ ಪಟ್ಟಿಗೆ ಅರ್ಹರು. ಜನವರಿ 2ರಂದು 18 ತುಂಬಿದ ಹುಡುಗಿ ಒಂದು ವರ್ಷ ಕಾಯಬೇಕಿತ್ತು. ನಡುವೆ ಚುನಾವಣೆ ಬಂದರೆ ಸಂವಿಧಾನ ಕೊಟ್ಟ ಹಕ್ಕು ಕೈತಪ್ಪುತ್ತಿತ್ತು. 2021ರ ತಿದ್ದುಪಡಿ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನಗಳನ್ನು ಅರ್ಹತಾ ದಿನಗಳನ್ನಾಗಿ ಮಾಡಿತು. 2022ರ ಆಗಸ್ಟ್ 1ರಿಂದ ಅದು ಜಾರಿಯಲ್ಲಿದೆ. ಸಂವಿಧಾನ ತೆರೆದ ಬಾಗಿಲನ್ನು ನಿಯಮ ಪೂರ್ತಿ ತೆರೆಯಲು 33 ವರ್ಷ ಹಿಡಿಯಿತು.

ಓದುಗರೇ, ಒಂದು ಮಾತು ನೆನಪಿರಲಿ. ಚೀಟಿ ಮನೆಯಲ್ಲಿ ಮರೆತರೆ ಆಯೋಗ ಒಪ್ಪಿದ ಬೇರೆ ದಾಖಲೆ ತೋರಿಸಿ ಮತ ಹಾಕಬಹುದು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಚೀಟಿಯಿದ್ದೂ ಪ್ರಯೋಜನವಿಲ್ಲ. ರವಿಕೀರ್ತಿಯ ಹೆಸರನ್ನು ಕಲ್ಲು ಕಾಯ್ದಿದೆ. ನಮ್ಮ ಹೆಸರು ಕಾಗದದ ಮೇಲಿದೆ. ಚುನಾವಣೆಗೆ ಮೊದಲೇ ಅದನ್ನು ನೋಡಿಕೊಳ್ಳಬೇಕಾದವರು ನಾವೇ.