ಮಕ್ಕಳ ಲ್ಯುಕೇಮಿಯಾ ಮತ್ತು ಸಿದ್ದಾಪುರದ ದೂರ

ಮೂಳೆಮಜ್ಜೆಯಲ್ಲಿ ಬಲಿಯದ ಬಿಳಿ ರಕ್ತಕಣಗಳು ಮಿತಿಮೀರಿ ಹೆಚ್ಚುವ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ಮಕ್ಕಳ ಪಾಲಿಗೆ ಬಹುಕಾಲ ಮರಣಶಾಸನವೇ ಆಗಿತ್ತು. 1948ರಲ್ಲಿ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್, ಕಣಗಳ ವೃದ್ಧಿಗೆ ಬೇಕಾದ ಫೋಲಿಕ್ ಆಮ್ಲದ ಕೆಲಸವನ್ನು ತಡೆಯುವ ಅಮಿನಾಪ್ಟೆರಿನ್ ಕೊಟ್ಟಾಗ 16 ಮಕ್ಕಳಲ್ಲಿ 10 ಮಂದಿ ತಾತ್ಕಾಲಿಕವಾಗಿ ಚೇತರಿಸಿಕೊಂಡರೆಂದು ವರದಿ ಮಾಡಿದರು. ಆ ಔಷಧವನ್ನು ಒದಗಿಸಿದ ಲೆಡರ್ಲೆ ಪ್ರಯೋಗಾಲಯದ ಸಂಶೋಧನೆಯನ್ನು ಮುನ್ನಡೆಸಿದವರು ಭೀಮಾವರದಲ್ಲಿ ಹುಟ್ಟಿದ ಯಲ್ಲಪ್ರಗಡ ಸುಬ್ಬರಾವ್ ಎಂಬುದು ಇಂದಿಗೂ ಸಾಕಷ್ಟು ಪ್ರಚಾರ ಪಡೆಯದ ಸಂಗತಿ.

ಭಾರತದಲ್ಲಿ, ಹಲವು ಔಷಧಗಳನ್ನು ಗೊತ್ತಾದ ಸರದಿಯಲ್ಲಿ ಕೊಡುವ ಎಂಸಿಪಿ-841 ಚಿಕಿತ್ಸಾಕ್ರಮವು 1980ರ ದಶಕದಲ್ಲಿ ಆರಂಭವಾಗಿ ಮುಂಬಯಿ, ಚೆನ್ನೈ, ದೆಹಲಿಗಳಲ್ಲಿ ಬಳಕೆಗೆ ಬಂದಿತು. ಕರ್ನಾಟಕದ ಮುಖ್ಯ ಆಸರೆಯೆಂದರೆ 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ.

ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆಯಾದ, 1997ರವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದು ಈಗ ಕೊಪ್ಪಳ ಜಿಲ್ಲೆಯಲ್ಲಿರುವ ಸಿದ್ದಾಪುರದಿಂದ ಆ ಸಂಸ್ಥೆ 300 ಕಿಲೋಮೀಟರಿಗೂ ದೂರ. ಚಿಕಿತ್ಸೆಯೋ ಎರಡು ವರ್ಷಕ್ಕೂ ಮಿಕ್ಕಿ ನಡೆಯುವಂಥದು. ಔಷಧ ಉಚಿತವಾಗಿ ದೊರೆತರೂ ಬಸ್ಸಿನ ಖರ್ಚು, ತಂಗುವ ಜಾಗ, ನಾಟಿ-ಕೊಯ್ಲಿನ ಕಾಲದಲ್ಲಿ ತಪ್ಪುವ ಕೂಲಿ ಇವೆಲ್ಲ ಕುಟುಂಬದ ಮೇಲೆಯೇ ಬೀಳುವುದರಿಂದ, ಬಡ ದೇಶಗಳಲ್ಲೆಲ್ಲ ಕಾಣುವ ಚಿಕಿತ್ಸೆಯನ್ನು ನಡುವೆಯೇ ಬಿಡುವ ಸಮಸ್ಯೆಯನ್ನು ಪೋಷಕರ ಅಜ್ಞಾನವೆಂದು ಕರೆಯುವುದು ಅನ್ಯಾಯ. ಜಿಲ್ಲಾಕೇಂದ್ರವಾದ ಕೊಪ್ಪಳಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದೇ 2015ರಲ್ಲಿ.