ವಾಷಿಂಗ್ಟನ್ನನ ದ್ವೀಪಯಾತ್ರೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಮೊದಲ ಅಧ್ಯಕ್ಷನಾದ ಜಾರ್ಜ್ ವಾಷಿಂಗ್ಟನ್ನನು ತನ್ನ ಜೀವಮಾನದಲ್ಲಿ ಕಡಲನ್ನು ದಾಟಿ ಹೋದುದು ಒಂದೇ ಸಲ. ಅದು ರಾಜಕಾರ್ಯಕ್ಕಲ್ಲ, ಯುದ್ಧಕ್ಕೂ ಅಲ್ಲ, ಅಣ್ಣನ ಪ್ರಾಣವನ್ನುಳಿಸಿಕೊಳ್ಳುವುದಕ್ಕಾಗಿ.

ತಂದೆಯ ಮೊದಲ ಹೆಂಡತಿಯ ಮಗನಾದ ಲಾರೆನ್ಸನು, 1743ರಲ್ಲಿ ತಂದೆ ತೀರಿಕೊಂಡ ಮೇಲೆ, ಜಾರ್ಜನಿಗೆ ಪಿತೃಸಮಾನನಾಗಿದ್ದನು. ಅವನಿಗೆ ಕ್ಷಯರೋಗವು ತಗಲಿತು. ವರ್ಜೀನಿಯದ ಚಳಿಗಾಲವನ್ನು ತಪ್ಪಿಸಿ ಬೆಚ್ಚನೆಯ ಕಡಲಗಾಳಿಯಲ್ಲಿದ್ದರೆ ಗುಣವಾದೀತೆಂಬ ಆಸೆಯಿಂದ, ಸೋದರರಿಬ್ಬರೂ 1751ನೆಯ ಸೆಪ್ಟೆಂಬರಿನಲ್ಲಿ ಹಡಗನ್ನೇರಿ, ನವೆಂಬರಿನ ಆದಿಯಲ್ಲಿ ಬಾರ್ಬಡೋಸ್ ದ್ವೀಪವನ್ನು ಸೇರಿದರು. ಇದು ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಎಲ್ಲಕ್ಕೂ ಪೂರ್ವದಲ್ಲಿರುವುದು. ಜಾರ್ಜನಿಗೆ ಆಗ 19 ವರ್ಷ.

ಬ್ರಿಜ್‌ಟೌನಿನ ಹೊರಗೆ ತಿಂಗಳಿಗೆ 15 ಪೌಂಡು ಬಾಡಿಗೆಯ ಮನೆಯಲ್ಲಿ ಅವರು ಬಿಡಾರ ಮಾಡಿದರು. ಸಂಜೆಯ ತಂಪಿನಲ್ಲಿ ಗಾಡಿಯೇರಿ ದ್ವೀಪವನ್ನು ನೋಡಲು ಹೋಗುವರು. ಇಕ್ಕೆಲದ ಕಬ್ಬಿನ ತೋಟಗಳನ್ನೂ ಹಣ್ಣಿನ ಮರಗಳನ್ನೂ ಕಂಡು ತರುಣನು ಮೈಮರೆತನು. ಅವನು ಕೋಟೆಯನ್ನು ನೋಡಿದನು, ನಾಟಕಶಾಲೆಗೆ ಹೋದನು, ತಾನು ತಿಂದ ಹಣ್ಣುಗಳಲ್ಲೆಲ್ಲಾ ಅನಾನಸೇ ಮೇಲೆಂದು ದಿನಚರಿಯಲ್ಲಿ ಬರೆದಿಟ್ಟನು. ಆದರೆ ಆ ಕಬ್ಬನ್ನು ಬೆಳೆದವರು ಆಫ್ರಿಕದಿಂದ ತಂದ ದಾಸರೂ ಅವರ ಸಂತತಿಯೂ. ದ್ವೀಪದ ಜನರಲ್ಲಿ ಅವರೇ ಬಹುಸಂಖ್ಯಾತರು. ದಿನಚರಿಯ ಉಳಿದ ಹಾಳೆಗಳಲ್ಲಿ ಅವರ ಮಾತು ಅತ್ಯಲ್ಪ. ಬಾಲ್ಯದಿಂದಲೇ ದಾಸರಿಗೆ ಒಡೆಯನಾಗಿದ್ದ ಅವನ ಕಣ್ಣಿಗೆ ಅದು ಹೊಸತಾಗಿ ತೋರಲಿಲ್ಲವೇನೋ.

ದ್ವೀಪದಲ್ಲಿ ಲಾರೆನ್ಸನ ಹೆಂಡತಿಯ ಕಡೆಯ ನಂಟನೊಬ್ಬನಿದ್ದನು. ಅವನ ಮನೆಯಲ್ಲಿ ಸಿಡುಬು ಇದ್ದುದರಿಂದ ಜಾರ್ಜನು ಹಿಂಜರಿದನು. ಆದರೂ ಕರೆದವರನ್ನು ನಿರಾಕರಿಸಲಾರದೆ ಊಟಕ್ಕೆ ಹೋದನು. ಎರಡು ವಾರದೊಳಗೆ, ನವೆಂಬರ್ 17ರಂದು, ಸಿಡುಬು ಅವನನ್ನೇ ಹಿಡಿಯಿತು. ಮೂರು ವಾರಕ್ಕೂ ಮೇಲ್ಪಟ್ಟು ಹಾಸಿಗೆ ಹಿಡಿದಿದ್ದು ಬದುಕಿಕೊಂಡನು. ಡಿಸೆಂಬರಿನಲ್ಲಿ ತಮ್ಮನು ಒಬ್ಬನೇ ಊರಿಗೆ ಹೊರಟನು. ಅಣ್ಣನು ಗುಣ ಕಾಣದೆ ಬರ್ಮುಡಕ್ಕೆ ಹೋಗಿ, ಅಲ್ಲಿಯೂ ನಿರಾಶನಾಗಿ, ಮನೆಗೆ ಮರಳಿ 1752ನೆಯ ಜುಲೈಯಲ್ಲಿ ಮೃತನಾದನು. ಅವನ ಮೌಂಟ್ ವೆರ್ನನ್ ಎಂಬ ಆಸ್ತಿಯು ಕಾಲಕ್ರಮದಲ್ಲಿ ಜಾರ್ಜನ ಕೈಗೆ ಬಂದಿತು.

ಆ ಯಾತ್ರೆಯ ಫಲವು ತೋರಿದುದು ಕಾಲು ಶತಮಾನದ ಮೇಲೆ. 1776ರಲ್ಲಿ, ಕೆನಡದ ಮೇಲೆ ದಂಡೆತ್ತಿಹೋಗಿದ್ದ ಅಮೆರಿಕದ ಸೇನೆಯನ್ನು ಸಿಡುಬು ಹಾಳುಗೆಡವಿತು. ದಳಪತಿಯಾದ ಜಾನ್ ಥಾಮಸನೇ ಅದಕ್ಕೆ ಬಲಿಯಾದನು. ಸೇನಾಧಿಪತಿಯಾದ ವಾಷಿಂಗ್ಟನ್ನನಿಗೆ ಮಾತ್ರ ಆ ಭಯವಿರಲಿಲ್ಲ; ಒಮ್ಮೆ ಸಿಡುಬು ಬಂದುಹೋದವನಿಗೆ ಅದು ಮತ್ತೆ ಬರುವುದು ಅಪರೂಪ. ಜೆನ್ನರನ ಗೋವಿನ ದಾಕು ಬಳಕೆಗೆ ಬರಲು ಇನ್ನೂ ಇಪ್ಪತ್ತು ವರ್ಷಗಳಿದ್ದುವು. ರೋಗಿಯ ಬೊಕ್ಕೆಯ ಕೀವನ್ನೇ ಸ್ವಸ್ಥನ ಚರ್ಮವನ್ನು ಗೀರಿ ಸೋಕಿಸುವುದೊಂದೇ ಆಗಿನ ಉಪಾಯ. ಅದರಿಂದ ಕೆಲವರು ಸಾಯುವುದೂ ಉಂಟು. ಹೀಗಿದ್ದರೂ 1777ರಲ್ಲಿ ಅವನು ಸೈನಿಕರಿಗೆಲ್ಲಾ ಅದನ್ನು ಮಾಡಿಸುವಂತೆ ಅಪ್ಪಣೆ ಕೊಟ್ಟನು. ಸಿಡುಬೆಂದರೇನೆಂಬುದನ್ನು ಅವನು ತನ್ನ ಮೈಯಲ್ಲಿಯೇ ಅನುಭವಿಸಿದ್ದನಷ್ಟೆ.

ಬ್ರಿಜ್‌ಟೌನಿನ ಆ ಮನೆಯು ಇಂದು ವಸ್ತುಪ್ರದರ್ಶನಾಲಯವಾಗಿದ್ದು ಜಾರ್ಜನ ಹೆಸರನ್ನು ಹೊತ್ತಿರುವುದು. ಆದರೆ ಆ ಮನೆಯನ್ನು ಹಿಡಿದುದು ಲಾರೆನ್ಸನ ಆರೋಗ್ಯಕ್ಕಾಗಿ.