ಎಂಬೆಡೆಡ್ ಪ್ರೊಸೆಸರುಗಳ ಬಾಳಿಕೆ: ಶಾಖ ಮತ್ತು ಬಳಕೆಯ ಪರಿಣಾಮಗಳು

ಪೀಠಿಕೆ

ವಿದ್ಯುತ್ ಮಾಪಕ, ಪಂಪ್‌ಸೆಟ್ಟಿನ ನಿಯಂತ್ರಣ ಪೆಟ್ಟಿಗೆ, ಸಂಚಾರ ದೀಪ, ವಾಹನದ ಎಂಜಿನ್ ನಿಯಂತ್ರಕ ಮುಂತಾದ ಸಾಧನಗಳೊಳಗೆ ನಿಗದಿತ ಕಾರ್ಯಕ್ಕಾಗಿ ಅಳವಡಿಸಲಾಗಿರುವ ಗಣಕ ಚಿಪ್ಪನ್ನು ಎಂಬೆಡೆಡ್ ಪ್ರೊಸೆಸರ್ ಎನ್ನುತ್ತಾರೆ. ಚಲಿಸುವ ಭಾಗಗಳಿಲ್ಲದ ಕಾರಣ ಇದು ಸವೆಯುವುದಿಲ್ಲವೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವವಾಗಿ ಇದೂ ಸವೆಯುತ್ತದೆ. ಸವೆತದ ವೇಗವನ್ನು ಮುಖ್ಯವಾಗಿ ಶಾಖ ಮತ್ತು ಬಳಕೆಯ ರೀತಿ ನಿರ್ಧರಿಸುತ್ತವೆ.

ಶಾಖದ ಪರಿಣಾಮ

ಚಿಪ್ಪಿನೊಳಗಿನ ಸೂಕ್ಷ್ಮ ತಂತಿಗಳಲ್ಲಿ ವಿದ್ಯುತ್ ಹರಿಯುವಾಗ ಎಲೆಕ್ಟ್ರಾನುಗಳ ತಾಡನದಿಂದ ಲೋಹದ ಪರಮಾಣುಗಳು ನಿಧಾನವಾಗಿ ಸ್ಥಳಾಂತರಗೊಳ್ಳುತ್ತವೆ. ಇದಕ್ಕೆ ಎಲೆಕ್ಟ್ರೋಮೈಗ್ರೇಶನ್ ಎಂದು ಹೆಸರು. ಕಾಲಕ್ರಮೇಣ ತಂತಿಯು ಒಂದೆಡೆ ತುಂಡಾಗಬಹುದು ಅಥವಾ ಉಬ್ಬಿ ಪಕ್ಕದ ತಂತಿಗೆ ತಾಗಬಹುದು. ವಿದ್ಯುತ್ ಪ್ರವಾಹದ ಸಾಂದ್ರತೆ ಮತ್ತು ತಾಪಮಾನ ಹೆಚ್ಚಿದಂತೆ ತಂತಿಯ ಆಯುಷ್ಯ ಕುಗ್ಗುವ ಬಗೆಯನ್ನು ಜೇಮ್ಸ್ ಬ್ಲ್ಯಾಕ್ ಅವರು 1969ರಲ್ಲಿ ಸಮೀಕರಣದ ರೂಪದಲ್ಲಿ ನಿರೂಪಿಸಿದರು. ಟ್ರಾನ್ಸಿಸ್ಟರುಗಳ ತೆಳುವಾದ ನಿರೋಧಕ ಪದರವೂ ಶಾಖ ಮತ್ತು ವೋಲ್ಟೇಜಿನ ಒತ್ತಡದಿಂದ ದುರ್ಬಲಗೊಳ್ಳುತ್ತದೆ.

ತಯಾರಕರು ಇದೇ ಗುಣವನ್ನು ಪರೀಕ್ಷೆಗೆ ಬಳಸುತ್ತಾರೆ. ಸಾಮಾನ್ಯವಾಗಿ ಅನುಸರಿಸಲಾಗುವ ಲೆಕ್ಕದ ಪ್ರಕಾರ, 125 ಡಿಗ್ರಿ ಸೆಲ್ಸಿಯಸ್‌ನಲ್ಲಿ 1,000 ಗಂಟೆಗಳ ಚಾಲನೆಯು 55 ಡಿಗ್ರಿಯಲ್ಲಿ ಸುಮಾರು 78,000 ಗಂಟೆಗಳಿಗೆ, ಅಂದರೆ ಸುಮಾರು 9 ವರ್ಷಗಳಿಗೆ ಸಮನಾಗುತ್ತದೆ.

ಇಲ್ಲಿ ಗಣನೆಗೆ ಬರುವುದು ಹೊರಗಿನ ಹವೆಯಲ್ಲ, ಚಿಪ್ಪಿನ ಒಳಗಿನ ತಾಪಮಾನ. ಉದಾಹರಣೆಗೆ, ಪ್ರೊಸೆಸರ್ 2 ವ್ಯಾಟ್ ವಿದ್ಯುತ್ ಬಳಸುತ್ತದೆ, ಪ್ರತಿ ವ್ಯಾಟಿಗೆ 20 ಡಿಗ್ರಿ ಬಿಸಿಯೇರುತ್ತದೆ ಎಂದಿಟ್ಟುಕೊಳ್ಳೋಣ. ಬಿಸಿಲಿನಲ್ಲಿರುವ ಪೆಟ್ಟಿಗೆಯ ಒಳಗೆ 60 ಡಿಗ್ರಿ ಇದ್ದರೆ ಚಿಪ್ಪು 100 ಡಿಗ್ರಿ ತಲುಪುತ್ತದೆ. ಅದೇ ಪೆಟ್ಟಿಗೆಯನ್ನು ನೆರಳಿಗೆ ಸರಿಸಿ ಒಳಗಿನ ತಾಪಮಾನವನ್ನು 45 ಡಿಗ್ರಿಗೆ ಇಳಿಸಿದರೆ ಚಿಪ್ಪು 85 ಡಿಗ್ರಿಯಲ್ಲಿ ನಿಲ್ಲುತ್ತದೆ. ಮೇಲಿನ ಲೆಕ್ಕದಂತೆಯೇ ನೋಡಿದರೆ, ಬಿಸಿಲಿನಲ್ಲಿನ ಸವೆತವು ನೆರಳಿನಲ್ಲಿನ ಸವೆತದ ಸುಮಾರು ಎರಡೂವರೆ ಪಟ್ಟು. ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ರಾಯಚೂರು, ಕಲಬುರಗಿಯಂತಹ ಜಿಲ್ಲೆಗಳಲ್ಲಿ ಈ ವ್ಯತ್ಯಾಸ ಗಮನಾರ್ಹವಾದುದು.

ಬಳಕೆಯ ಪರಿಣಾಮ

ಕಾರ್ಯಭಾರ ಹೆಚ್ಚಿದಷ್ಟೂ ಚಿಪ್ಪು ಬಿಸಿಯಾಗುತ್ತದೆ. ಇದಲ್ಲದೆ ಇನ್ನೆರಡು ಕಾರಣಗಳಿವೆ.

1. ಬಿಸಿಯಾಗುವುದು ಮತ್ತು ತಣಿಯುವುದು: ಚಿಪ್ಪು, ಬೆಸುಗೆ ಮತ್ತು ಸರ್ಕ್ಯೂಟ್ ಬೋರ್ಡು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ. ಇದು ಪದೇ ಪದೇ ನಡೆದಾಗ ಬೆಸುಗೆಯಲ್ಲಿ ಬಿರುಕು ಮೂಡುತ್ತದೆ.

2. ಸ್ಮೃತಿಯ ಮೇಲೆ ಬರೆಯುವುದು: ಪ್ರೊಸೆಸರಿಗೆ ಜೋಡಿಸಿದ ಫ್ಲ್ಯಾಶ್ ಸ್ಮೃತಿಯನ್ನು ಸೀಮಿತ ಸಂಖ್ಯೆಯಷ್ಟು ಬಾರಿ ಮಾತ್ರ ಅಳಿಸಿ ಬರೆಯಬಹುದು. ಅಮೆರಿಕದಲ್ಲಿ 2021ರಲ್ಲಿ ಟೆಸ್ಲಾ ಸಂಸ್ಥೆಯು ಸುಮಾರು 1,35,000 ಕಾರುಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಯಿತು. ಅವುಗಳ 8 ಗಿಗಾಬೈಟ್ ಸ್ಮೃತಿಯು ಸತತ ಬರವಣಿಗೆಯಿಂದ ಸವೆದು ಪರದೆಯು ಕೆಲಸ ನಿಲ್ಲಿಸುತ್ತಿತ್ತು; ಹಿಂಬದಿ ಕ್ಯಾಮೆರಾದ ದೃಶ್ಯವೂ ಕಾಣದಾಗುತ್ತಿತ್ತು.

ತಾಪಮಾನ ಶ್ರೇಣಿಗಳು

ಸಾಮಾನ್ಯ ಶ್ರೇಣಿಯ ಚಿಪ್ಪುಗಳು 0ಯಿಂದ 70 ಡಿಗ್ರಿವರೆಗಿನ ಪರಿಸರಕ್ಕೆ, ಕೈಗಾರಿಕಾ ಶ್ರೇಣಿಯವು ಮೈನಸ್ 40ರಿಂದ 85 ಡಿಗ್ರಿವರೆಗೆ ಹಾಗೂ ವಾಹನಗಳಿಗೆಂದು ತಯಾರಾದ ಹಲವು ಚಿಪ್ಪುಗಳು 125 ಡಿಗ್ರಿವರೆಗೆ ಕಾರ್ಯನಿರ್ವಹಿಸುವಂತೆ ರೂಪಿಸಲ್ಪಟ್ಟಿರುತ್ತವೆ.

ಬಳಕೆದಾರರು ಗಮನಿಸಬೇಕಾದ ಅಂಶಗಳು

1. ನಿಯಂತ್ರಣ ಪೆಟ್ಟಿಗೆಯನ್ನು ನೇರ ಬಿಸಿಲು ಬೀಳದ ಸ್ಥಳದಲ್ಲಿ ಅಳವಡಿಸುವುದು.
2. ಗಾಳಿಯ ಕಿಂಡಿ ಹಾಗೂ ಶಾಖ ಹೊರಹಾಕುವ ಲೋಹದ ರೆಕ್ಕೆಗಳ ಮೇಲಿನ ಧೂಳನ್ನು, ವಿದ್ಯುತ್ ಸಂಪರ್ಕ ಕಡಿತಗೊಳಿಸಿದ ನಂತರ, ಆಗಾಗ್ಗೆ ತೆಗೆಯುವುದು.
3. ಹೊರಾಂಗಣ ಬಳಕೆಗೆ ಸಾಧನವನ್ನು ಕೊಳ್ಳುವಾಗ ತಾಪಮಾನ ಶ್ರೇಣಿಯನ್ನು ಪರಿಶೀಲಿಸುವುದು.
4. ಸಾಧನ ಕೆಟ್ಟಾಗ ಮೊದಲು ವಿದ್ಯುತ್ ಪೂರೈಕೆಯ ಭಾಗ ಮತ್ತು ಅದರ ಕೆಪಾಸಿಟರುಗಳನ್ನು ತಂತ್ರಜ್ಞರಿಂದ ಪರೀಕ್ಷಿಸುವುದು. ಶಾಖಕ್ಕೆ ಇವು ಪ್ರೊಸೆಸರಿಗಿಂತ ಮೊದಲೇ ಕೆಡುವುದುಂಟು. ಇದರಿಂದ ಇಡೀ ಬೋರ್ಡನ್ನು ಬದಲಿಸುವ ವೆಚ್ಚ ಉಳಿಯಬಹುದು.